ಮನೆ ಎಳೆಯುವ ಗಾಡಿ

೬ ಮಾರ್ಚ್ ೧೯೯೪, ಭಾನುವಾರ
ಕಂಪನಿ ಟ್ರೇಲರ್ ಲಾಟು, ಟೆಕ್ಸಸ್ ಕರಾವಳಿ

ಬರ್ಟಿ,

ಲಕೋಟೆ ದಪ್ಪಗಿದೆ ಎಂದು ಹೆದರಬೇಡ. ಒಳಗಿರುವುದು ಪಿಕಪ್ ಮಾರುವವರು ಹಂಚುವ ಬಣ್ಣದ ಕಾಗದಗಳು. ನೀನು ಕರಪತ್ರ ಓದುವವಳು, ಇವೂ ಕರಪತ್ರಗಳೇ. ಓದಿ ಯಾವುದು ನಿಜ ಯಾವುದು ಸುಳ್ಳು ಹೇಳು. ದಿನವಿಡೀ ಬೆಸುಗೆಯ ಬೆಳಕು ನೋಡಿದ ಮೇಲೆ ನನ್ನ ಕಣ್ಣು ಸಣ್ಣಕ್ಷರದ ಮೇಲೆ ನಿಲ್ಲುವುದಿಲ್ಲ.

ನಮ್ಮ ಟ್ರೇಲರ್ ಮನೆ ಎಳೆಯಲು ಒಂದು ಗಾಡಿ ಬೇಕು. ನನ್ನ ಜೋಡಿ ಹಾಲಿಸ್ ಊರಿಗೆ ಹೋದ, ಅವನ ಟ್ರಕ್ಕೂ ಅವನ ಜೊತೆಗೆ ಹೋಯಿತು. ಇಷ್ಟು ವರ್ಷ ಟ್ರಕ್ಕು ಅವನದು, ಮನೆ ನಮ್ಮದು. ಒಂದು ಎಣ್ಣೆ ರಿಫೈನರಿಯ ದುರಸ್ತಿ ಮುಗಿದರೆ ಇನ್ನೊಂದಕ್ಕೆ ಅವನು ಎಳೆದ, ನಾನು ಪಕ್ಕದಲ್ಲಿ ಕೂತೆ. ಕೊಂಡಿ ಹಾಕುವುದು ಅವನ ಕೆಲಸ, ಜಾಕಿ ಎತ್ತುವುದು ನನ್ನದು. ಹಾಗಾಗಿ ಜಾಕಿಯ ಬಗ್ಗೆ ಏನು ಬೇಕಾದರೂ ಕೇಳು, ಪಿಕಪ್ಪಿನ ಬಗ್ಗೆ ಕೇಳಬೇಡ. ನಮ್ಮದು ಐದನೇ ಚಕ್ರದ ಟ್ರೇಲರ್, ಬಾಲಕ್ಕೆ ಕಟ್ಟುವಂಥದ್ದಲ್ಲ ಎನ್ನುವುದು ನಿನಗೆ ನೆನಪಿರಬೇಕು. ಅದರ ಮೂತಿ ಪಿಕಪ್ಪಿನ ತೊಟ್ಟಿಯ ಮೇಲೆ ಬಂದು ಕೂರುತ್ತದೆ. ಎಲ್ಲ ಗಾಡಿಯ ಬೆನ್ನೂ ಅದನ್ನು ತಡೆಯುವುದಿಲ್ಲ.

ಟ್ರೇಲರ್ ನಿಲ್ಲಿಸಿರುವ ಈ ಲಾಟು ಕಂಪನಿಯದು. ಕೆಲಸದಲ್ಲಿ ಇರುವವರೆಗೆ ಜಾಗ, ನೀರು, ಕರೆಂಟು ಎಲ್ಲ ಬಿಟ್ಟಿ. ಫೋರ್‌ಮನ್ ಕ್ರಾಡಕ್ ಹೇಳುತ್ತಾನೆ: "ತಲೆ ಯಾಕ್ ಕೆಡಿಸ್ಕೋತೀಯ ಆರಿನ್? ಕೆಲ್ಸ ಮುಗೀಲಿ, ಕಂಪ್ನಿ ಟ್ರಕ್ಕೇ ನಿನ್ ಮನೇನ ಎಳ್ದು ಬಿಟ್ ಬರತ್ತೆ." ಹೋಗಬೇಕು ಅನ್ನಿಸಿದ ದಿನ ನಾನೇ ಹೊರಡುವ ಹಾಗಿರಬೇಕು, ಅಷ್ಟೇ ನನಗೆ ಬೇಕಾದದ್ದು.

ಫೋನು ಮಾಡಬೇಡ. ಇಲ್ಲಿರುವುದು ಆಫೀಸಿನದೊಂದೇ, ಅದರ ಪಕ್ಕ ಕೂರುವ ಯೂನಿಸ್‌ಗೆ ಕಿವಿ ಬಹಳ ಚುರುಕು.

ನೀನು ಮಲಗುತ್ತಿದ್ದ ಬಂಕು ಹಾಗೇ ಇದೆ. ಅದರ ಮೇಲೆ ಈಗ ನನ್ನ ಬೆಸುಗೆಯ ಹೆಲ್ಮೆಟ್ಟು ಮಲಗುತ್ತದೆ. ನಿನ್ನಷ್ಟು ವಾದ ಮಾಡುವುದಿಲ್ಲ.

ಅಪ್ಪ


೧೪ ಮಾರ್ಚ್ ೧೯೯೪
ಡುಲೂತ್, ಮಿನೆಸೋಟ

ಅಪ್ಪಾ,

ಎರಡು ತಿಂಗಳು ನಿನ್ನ ಪತ್ರಕ್ಕೆ ಕಾದೆ. ಬಂದದ್ದು ಮಿರಿಮಿರಿ ಬಂಪರಿನ ಚಿತ್ರಗಳು. ಒಂದರಲ್ಲಿ ಬೆಟ್ಟದ ತುದಿಯಲ್ಲಿ ಒಂದು ಟ್ರಕ್ಕು ನಿಂತಿದೆ, ಹಿಂದೆ ಸೂರ್ಯ ಮುಳುಗುತ್ತಿದ್ದಾನೆ. ಬೆಟ್ಟದ ತುದಿಗೆ ಅದನ್ನು ಯಾಕೆ ಒಯ್ದರು, ಅಲ್ಲಿ ಯಾರಿಗೆ ಏನು ಕೆಲಸವಿತ್ತು, ಕೇಳುವವರಿಲ್ಲ.

ಎಣ್ಣೆಯವರಿಗೆ ದುಡಿಯುವುದು, ಅವರ ಎಣ್ಣೆ ಕುಡಿಯುವ ಗಾಡಿ ಕೊಳ್ಳುವುದು, ಆ ಗಾಡಿಯನ್ನು ಸಾಕಲು ಮತ್ತೆ ಅವರಿಗೇ ದುಡಿಯುವುದು. ಇದನ್ನೇ ನಾವು ಇಲ್ಲಿ ಶನಿವಾರ ಸಂತೆಯ ಮೇಜಿನಲ್ಲಿ ಜನರಿಗೆ ಹೇಳುತ್ತಿದ್ದೇವೆ. ನಾವು ಹಂಚುವ ಕಾಗದದಲ್ಲಿ ನಿನ್ನಂಥವರ ಬಗ್ಗೆಯೇ ಒಂದು ಪುಟ ಇದೆ. ಕಳಿಸುತ್ತೇನೆ, ಓದು. ಅಕ್ಷರ ದೊಡ್ಡದಾಗಿದೆ.

ಹಾಲಿಸ್ ಯಾಕೆ ಬಿಟ್ಟ? ನೀನು ಬರೆದಿಲ್ಲ, ಆದರೆ ನನಗೆ ಗೊತ್ತಾಗುತ್ತದೆ. ಕ್ರಾಡಕ್ ಮುಖಕ್ಕೆ ಹೇಳಬೇಕಾದದ್ದನ್ನು ಹೇಳಿ ಎದ್ದು ಹೋಗಿರುತ್ತಾನೆ. ಅವನಿಗೆ ಬೆನ್ನುಮೂಳೆ ಇದೆ. ಜೋಡಿಯಾಗಿ ಬಂದವರು ಜೋಡಿಯಾಗಿಯೇ ಕೆಲಸ ಬಿಡುತ್ತಾರೆ, ಅದು ನಮ್ಮ ಕಸುಬಿನ ಮರ್ಯಾದೆ ಎಂದು ನನಗೆ ಹೇಳಿಕೊಟ್ಟವನು ನೀನು. ಅವನು ಹೊರಟಾಗ ನೀನು ಏನು ಮಾಡುತ್ತಿದ್ದೆ? ಜಾಕಿ ಒರೆಸುತ್ತಿದ್ದೆಯಾ?

ಟ್ರೇಲರನ್ನು ಅಲ್ಲೇ ಬಿಟ್ಟು ಬಾ. ತಗಡು ಅದು. ನಾನಿರುವ ಬೇಕರಿಯ ಮೇಲೆ ಒಂದು ಕೋಣೆ ಖಾಲಿಯಿದೆ. ಸರೋವರ ಇನ್ನೂ ಹೆಪ್ಪುಗಟ್ಟಿದೆ, ಆದರೆ ಒಲೆ ದಿನವಿಡೀ ಉರಿಯುತ್ತದೆ.

ಬರ್ಟಿ

ಆ ಕಾಗದಗಳಲ್ಲಿ 'ಇಷ್ಟು ಎಳೆಯುತ್ತದೆ' ಎಂಬ ಸಂಖ್ಯೆ ಮೊಣಕೈಯುದ್ದದ ಅಕ್ಷರದಲ್ಲಿದೆ. ಅಷ್ಟು ದೊಡ್ಡದಾಗಿ ಬರೆದದ್ದು ನಿಜವಾಗಿರಲಾರದು. ನೋಡುತ್ತೇನೆ.


೨೭ ಮಾರ್ಚ್ ೧೯೯೪, ಭಾನುವಾರ
ಟ್ರೇಲರ್ ಲಾಟು

ಬರ್ಟಿ,

ಪತ್ರ ಸಿಕ್ಕಿತು. ಕರಪತ್ರವೂ ಸಿಕ್ಕಿತು. ಪಕ್ಕದ ಟ್ರೇಲರಿನ ಮಿಸೆಸ್ ತಿಬೊಡೊ ಅದರ ಮೇಲೆ ಸೀಗಡಿ ಬಿಡಿಸಿದಳು. ಬಿಡಿಸುವ ಮುಂಚೆ ಓದಿದಳು. "ಸರಿಯಾಗೇ ಬರ್ದಿದಾಳೆ, ಆದ್ರೆ ಸ್ವಲ್ಪ ಕೂಗಾಡ್ತಾಳೆ" ಎಂದಳು.

ಟ್ರೇಲರ್ ಬಿಡುವ ಮಾತು ಬೇಡ. ತಗಡೇ ಇರಬಹುದು. ಅದರ ಬಾಗಿಲು ಹಾಕಿಕೊಂಡರೆ ಇನ್ನೊಬ್ಬರ ಅಪ್ಪಣೆಯಿಲ್ಲದೆ ನಾನು ಕೂತಿರಬಹುದಾದ ಜಾಗ ಈ ಭೂಮಿಯ ಮೇಲೆ ಅದೊಂದೇ.

ತೂಕ ಕೇಳುತ್ತೀಯೇನೋ ಎಂದು ಮೊದಲೇ ಬರೆಯುತ್ತೇನೆ. ಅದನ್ನು ತೂಗಬೇಕಾದರೆ ಅಕ್ಕಿ ಗಿರಣಿಯ ಕಾಟಾದವರೆಗೆ ಎಳೆಯಬೇಕು. ಎಳೆಯಲು ಗಾಡಿ ಬೇಕು. ಯಾವ ಗಾಡಿ ಎಂದು ತಿಳಿಯಲು ತೂಕ ಬೇಕು. ಇದನ್ನು ಯೋಚಿಸುತ್ತಾ ನಿನ್ನೆ ಮೆಟ್ಟಿಲ ಮೇಲೆ ಕೂತಲ್ಲೇ ನಿದ್ದೆ ಹೋದೆ. ಹಾಲಿಸ್‌ಗೆ ತೂಕ ಗೊತ್ತಿತ್ತು.

ಸುಸ್ತಾಗಿದೆ. ಗಾಡಿಯ ವಿಷಯ ಬೇಗ ಬರೆ.

ಅಪ್ಪ


೩ ಏಪ್ರಿಲ್ ೧೯೯೪, ಈಸ್ಟರ್
ಡುಲೂತ್

ಅಪ್ಪಾ,

ಹಬ್ಬದ ಬ್ರೆಡ್ಡು ಬೇಯಿಸಿ ತೋಳು ಬಿದ್ದು ಹೋಗಿದೆ. ಆದರೂ ಬರೆಯುತ್ತೇನೆ, ಯಾಕೆಂದರೆ ನಾನು ಕಳ್ಳರನ್ನು ಹಿಡಿದಿದ್ದೇನೆ.

ಆ ದೊಡ್ಡಕ್ಷರದ ಸಂಖ್ಯೆಯ ಪಕ್ಕ ಒಂದು ಚುಕ್ಕಿಯಿದೆ. ಚುಕ್ಕಿಯ ಅರ್ಥ ಕೊನೆಯ ಪುಟದ ತಳದಲ್ಲಿದೆ, ಇರುವೆಯ ಕಾಲಿನಷ್ಟು ಸಣ್ಣಕ್ಷರದಲ್ಲಿ. ಏನು ಗೊತ್ತೇ? ಆ ತೂಕ ಎಳೆಯುವುದು ಬರಿಯ ಬೋಳು ಟ್ರಕ್ಕು. ಓಡಿಸುವವನು ಒಬ್ಬನೇ, ಅವನೂ ಸಣಕಲ. ಅವನಿಗೆ ಜೋಡಿಯಿಲ್ಲ, ನಾಯಿಯಿಲ್ಲ, ಉಪಕರಣದ ಪೆಟ್ಟಿಗೆಯಿಲ್ಲ, ತೊಟ್ಟಿಯಲ್ಲಿ ಕೊಂಡಿಯೂ ಇಲ್ಲ. ಕೊಂಡಿಯಿಲ್ಲದೆ ಟ್ರೇಲರ್ ಎಳೆಯುವ ಮನುಷ್ಯ! ಅವರು ಗಾಡಿ ಮಾರುವುದು ಅಂಥವನಿಗೆ. ದುಡಿಯುವವನು ಅವರ ಲೆಕ್ಕದಲ್ಲೇ ಇಲ್ಲ.

ನೋಡಬೇಕಾದದ್ದು ಆ ಸಂಖ್ಯೆಯಲ್ಲ. ಟ್ರೇಲರಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ನೇರವಾಗಿ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತದೆ. ಬೆನ್ನು ಎಷ್ಟು ಹೊರುತ್ತದೆ ಎನ್ನುವುದು ಚಾಲಕನ ಬಾಗಿಲು ತೆರೆದರೆ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಅದರ ಮೇಲೆ ನೀನು, ನಿನ್ನ ಪೆಟ್ಟಿಗೆ, ಕೊಂಡಿ, ನೀರು. ಅರ್ಧ ಟನ್ನಿನ ಪಿಕಪ್ಪು ಎಳೆಯುತ್ತದೆ, ಆದರೆ ಸೊಂಟ ಮುರಿದುಕೊಳ್ಳುತ್ತದೆ. ಮುಕ್ಕಾಲು ಟನ್ನಿಗಿಂತ ಕೆಳಗಿನದು ಬೇಡವೇ ಬೇಡ.

ನನಗೆ ಇದರಲ್ಲಿ ರುಚಿ ಹತ್ತುತ್ತಿರುವುದು ನನಗೇ ನಾಚಿಕೆ. ಬೇಕರಿಯ ಸಿಗ್ನೆ ನಗುತ್ತಾಳೆ: "ಏನಮ್ಮ ಕ್ರಾಂತಿಕಾರಿ, ಟ್ರಕ್ಕಿನ ಫೋಟೋ ದಿಂಬಿನ್ ಕೆಳಗಿಟ್ಕೊಂಡ್ ಮಲಗ್ತೀಯಂತೆ?"

ಇನ್ನೊಂದು ವಿಷಯ. ಟ್ರೇಲರಿನ ತೂಕ ಕೇಳಿ ಹಾಲಿಸ್‌ಗೆ ಒಂದು ಕಾರ್ಡು ಹಾಕಿದೆ. ಉತ್ತರ ಬಂದದ್ದು ಅವನ ಹೆಂಡತಿ ವರ್ನಾಳಿಂದ. ತೂಕ ಬರೆದಿದ್ದಾಳೆ. ಅದರ ಕೆಳಗೆ ಒಂದೇ ಸಾಲು: "ಅವರು ಹೇಳಿದ್ದನ್ನು ನಾನು ಬರೆದೆ, ಅವರ ಕೈ ನಿಲ್ಲುವುದಿಲ್ಲ. ಉಳಿದದ್ದು ನಿಮ್ಮಪ್ಪನನ್ನು ಕೇಳು."

ಕೇಳುತ್ತಿದ್ದೇನೆ.

ಬರ್ಟಿ


೧೭ ಏಪ್ರಿಲ್ ೧೯೯೪, ಭಾನುವಾರ
ಟ್ರೇಲರ್ ಲಾಟು

ಬರ್ಟಿ,

ಹಾಲಿಸ್ ಕೆಲಸ ಬಿಡಲಿಲ್ಲ. ಅವನನ್ನು ಎತ್ತಿಕೊಂಡು ಹೋದರು.

ಫೆಬ್ರವರಿ ಕೊನೆಯಲ್ಲಿ. ಖಾಲಿ ಮಾಡಿದ ಟ್ಯಾಂಕಿನೊಳಗೆ ಬೆಸುಗೆಗೆ ಇಳಿದಿದ್ದ. ಅದಕ್ಕಿರುವುದು ಒಬ್ಬ ಮನುಷ್ಯ ತೂರುವಷ್ಟು ಬಾಯಿ. ಆ ಬಾಯಿಯ ಹತ್ತಿರ ಒಬ್ಬರು ನಿಂತೇ ಇರಬೇಕು. ನಾವು ಬಾಯಿಕಾವಲು ಅನ್ನುತ್ತೇವೆ. ಒಳಗಿನವನನ್ನು ನೋಡುತ್ತಿರುವುದು, ಅವನ ಮುಖವಾಡಕ್ಕೆ ಗಾಳಿ ಹೋಗುವ ಕೊಳವೆ ಮಡಚದಂತೆ ಕಾಯುವುದು, ಅವನು ಓಲಾಡಿದರೆ ಕೂಗುವುದು, ಇಷ್ಟು ಬಿಟ್ಟು ಅವರಿಗೆ ಬೇರೆ ಕೆಲಸವಿಲ್ಲ. ಅಂದು ಕಾವಲಿಗೆ ಹೊಸದಾಗಿ ಸೇರಿದ ಒಬ್ಬ ಹೆಂಗಸು ಇದ್ದಳು. ನಾನು ಪಕ್ಕದ ಟ್ಯಾಂಕಿನ ಮೇಲೆ ಕಾಫಿ ಹಿಡಿದುಕೊಂಡು ಕೂತಿದ್ದೆ. ಕ್ರಾಡಕ್ ಬಂದ. "ಏನಮ್ಮಾ, ಅಂಗ್ಡಿ ಗೊಂಬೆ ಥರ ನಿಂತಿದೀಯಲ್ಲ? ಹೋಗು, ಆ ಹೋಸ್ ಎಳ್ಕೊಂಡ್ ಬಾ" ಎಂದ. ಅವಳು ಟ್ಯಾಂಕಿನ ಕಡೆ ತಿರುಗಿ ನೋಡಿದಳು. "ನೀನ್ ಬರೋವರ್ಗೂ ಅವ್ನೇನ್ ಓಡ್ಹೋಗಲ್ಲ" ಎಂದ. ಅವಳು ಹೋದಳು. ವಾಪಸು ಬಂದು ಕೂಗಿದಾಗ ನಾವೆಲ್ಲ ಓಡಿದೆವು. ಕೊಳವೆ ಮಡಚಿಕೊಂಡಿತ್ತು, ಹಾಲಿಸ್ ತಳದಲ್ಲಿ ಮಗುಚಿ ಬಿದ್ದಿದ್ದ.

ಬದುಕಿದ್ದಾನೆ. ಟ್ಯಾಂಕಿನೊಳಗಿನ ವಿಷಗಾಳಿಗೆ ಶ್ವಾಸಕೋಶ ಸುಟ್ಟಿದೆ. ಅಂಗಳ ದಾಟುವಷ್ಟರಲ್ಲಿ ಎರಡು ಸಲ ಕೂರಬೇಕಂತೆ. ವರ್ನಾಳ ತಮ್ಮ ಬಂದು ಅವನ ಟ್ರಕ್ಕಿನಲ್ಲೇ ಅವನನ್ನು ಆರ್ಕನ್ಸಾಕ್ಕೆ ಕರೆದುಕೊಂಡು ಹೋದ. ಆಮೇಲೆ ಟ್ರಕ್ಕನ್ನು ಮಾರಿದರು. ಓಡಿಸುವವರು ಯಾರು?

ಪರಿಹಾರದ ವಿಚಾರಣೆ ಮೇ ಕೊನೆಗಿದೆ. ಕಾವಲು ಜಾಗದಲ್ಲೇ ಇತ್ತು, ಹಾಲಿಸ್ ತಾನಾಗಿ ಮುಖವಾಡ ತೆಗೆದ ಎಂದು ಕಂಪನಿ ಹೇಳುತ್ತದೆ. ಆ ಹೆಂಗಸನ್ನು ಇನ್ನೆಲ್ಲೋ ದೂರದ ಕೆಲಸಕ್ಕೆ ಕಳಿಸಿದ್ದಾರೆ. ಹಾಗಾಗಿ ಅವಳನ್ನು ಅಲ್ಲಿಂದ ಕಳಿಸಿದ್ದನ್ನು ಕಂಡವನು ನಾನೊಬ್ಬನೇ. ಕ್ರಾಡಕ್‌ಗೂ ಅದು ಗೊತ್ತು. ಒಂದು ಸಂಜೆ ನನ್ನ ಮೆಟ್ಟಿಲ ಮೇಲೆ ಕೂತು ನನ್ನದೇ ಕಾಫಿ ಕುಡಿದ. "ಅವತ್ತು ನಿನ್ ಮುಖದ್ ಮೇಲೆ ಹೆಲ್ಮೆಟ್ ಇತ್ತಲ್ವಾ ಆರಿನ್? ಅದ್ರ ಕಪ್ಪು ಗಾಜೊಳಗಿಂದ ಏನ್ ಮಣ್ಣು ಕಾಣ್ಸತ್ತೆ ಬಿಡು." ಏಳುವಾಗ ಟ್ರೇಲರಿನ ಚಕ್ರವನ್ನು ಬೂಟಿನಿಂದ ತಟ್ಟಿದ. "ಗಾಳಿ ಇಳ್ದಿದೆ ನೋಡು. ಇದು ಹಿಂಗೇ ಇಲ್ಲೇ ಕೂತ್ಬಿಟ್ರೆ ಏನ್ ಗತಿ?"

ನಾನು ಸಾಕ್ಷಿ ಹೇಳಿದ ದಿನ ಕೆಲಸ ಹೋಗುತ್ತದೆ. ಅದು ಹೋಗಲಿ. ಆದರೆ ಲಾಟಿಗೆ ಗೇಟಿದೆ, ಗೇಟಿಗೆ ಬೀಗವಿದೆ. ಮನೆ ಒಳಗೆ, ನಾನು ಹೊರಗೆ. ಮೊದಲು ಮನೆ ಹೊರಗೆ ಬರಬೇಕು. ಆಮೇಲೆ ಮಾತು.

ನಿನಗೆ ಮೊದಲೇ ಬರೆಯಲಿಲ್ಲ. ನಿನ್ನ ಸುತ್ತ ನಿನ್ನವರು ಇದ್ದಾರೆ, ದೊಡ್ಡ ದೊಡ್ಡ ಕೆಲಸ ಹಿಡಿದಿದ್ದೀರಿ. ಇದನ್ನು ಬರೆದರೆ ನೀನು ಬಾವುಟ ಹಿಡಿದುಕೊಂಡು ಗೇಟಿಗೆ ಬಂದು ನಿಲ್ಲುತ್ತೀಯ ಎಂದು ಹೆದರಿದೆ. ಬರಬೇಡ. ಯಾವ ಗಾಡಿ ಎಂದು ಹೇಳು ಸಾಕು.

ಅಪ್ಪ


೨೨ ಏಪ್ರಿಲ್ ೧೯೯೪
ಡುಲೂತ್

ಅಪ್ಪಾ,

ಮಾರ್ಚಿನಲ್ಲಿ ನಾನು ಬರೆದ ಪತ್ರವನ್ನು ಒಲೆಗೆ ಹಾಕು.

ನಾನು ಓದಿದ ಕರಪತ್ರಗಳಲ್ಲಿ ಅರ್ಧ ನಿನ್ನ ಅಜ್ಜನ ಕಾಲದವು. ಕೆಂಟಕಿಯ ಕಲ್ಲಿದ್ದಲು ಗಣಿ, ಕಂಪನಿ ಕಟ್ಟಿಸಿಕೊಟ್ಟ ಸಾಲುಮನೆ, ಬಾಯಿ ತೆರೆದವನ ಪಾತ್ರೆಪಡಗ ಬೀದಿಗೆ. ಓದುವಾಗೆಲ್ಲ ಅಂದುಕೊಂಡೆ, ನಾವು ಅದನ್ನು ದಾಟಿ ಬಂದೆವು, ನಮ್ಮಪ್ಪನ ಮನೆಗೆ ಚಕ್ರವಿದೆ ಎಂದು. ಎಳೆಯುವ ಗಾಡಿಯಿಲ್ಲದಿದ್ದರೆ ಚಕ್ರದ ಮನೆಯೂ ಕಂಪನಿ ಮನೆಯೇ ಎಂದು ನಾನು ಓದಿದ ಯಾವ ಕಾಗದದಲ್ಲೂ ಇರಲಿಲ್ಲ. ನೀನು ಬರೆದ ಮೇಲೆ ಗೊತ್ತಾಯಿತು. ನಾನು ಬರೆಯುತ್ತೇನೆ ಅದನ್ನು. ಒಂದು ದಿನ ಬರೆದೇ ಬರೆಯುತ್ತೇನೆ.

ಈಗ ಗಾಡಿ. ದೊಡ್ಡದು ತೆಗೆದುಕೋ. ಮುಕ್ಕಾಲು ಟನ್ನೂ ಬೇಡ, ಒಂದು ಟನ್ನಿನದು. ಡೀಸೆಲ್. ಎಷ್ಟು ಕುಡಿಯುತ್ತದೋ ಕುಡಿಯಲಿ, ಈ ಒಂದು ಸಲ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ವರ್ನಾ ಕೊಟ್ಟ ತೂಕಕ್ಕೆ ನಿನ್ನ ಸಾಮಾನು, ತುಂಬಿದ ನೀರು, ಎಲ್ಲ ಸೇರಿಸಿ ಮೂರು ಸಲ ಲೆಕ್ಕ ಹಾಕಿದ್ದೇನೆ. ಬಾಗಿಲಿನ ಚೀಟಿ ಓದದೆ ಯಾರ ಕೈಯನ್ನೂ ಕುಲುಕಬೇಡ.

ಮತ್ತೆ, ಹಿಂದಿನ ಸೀಟು ಇರುವ ಗಾಡಿಯೇ ಆಗಬೇಕು. ಇದನ್ನು ಬಿಡಬೇಡ. ವಿಚಾರಣೆಗೆ ಹಾಲಿಸ್ ಬರಬೇಕಲ್ಲ? ಕೂತುಕೊಂಡು ಅಷ್ಟು ದೂರ ಹೇಗೆ ಬರುತ್ತಾನೆ? ಮಲಗಿಕೊಂಡು ಬರಲಿ. ಅವನ ಮುಖ ನೋಡದೆ ಅವರು ತೀರ್ಮಾನ ಮಾಡಬಾರದು.

ನಾನು ಗೇಟಿಗೆ ಬರುವುದಿಲ್ಲ. ಬಾವುಟಕ್ಕೆ ಇಲ್ಲಿ ಕೋಲೂ ಇಲ್ಲ.

ಬರ್ಟಿ


೮ ಮೇ ೧೯೯೪, ಭಾನುವಾರ
ಟ್ರೇಲರ್ ಲಾಟು

ಬರ್ಟಿ,

ಗಾಡಿ ಸಿಕ್ಕಿತು. ಸೀಗಡಿ ದೋಣಿಗಳ ದಕ್ಕೆಯ ಹತ್ತಿರ ಒಬ್ಬ ಎರಡು ಇಟ್ಟುಕೊಂಡಿದ್ದ. ಒಂದು ಬಿಳಿಯದು, ತೊಟ್ಟಿ ಉದ್ದ, ಮುಂದಿನ ಸೀಟು ಮಾತ್ರ. ಇನ್ನೊಂದು ಕಂದು, ಹಿಂದೆಯೂ ಸೀಟಿದೆ, ಹಾಗಾಗಿ ತೊಟ್ಟಿ ಗಿಡ್ಡ. ಎರಡೂ ಒಂದು ಟನ್ನಿನವೇ. ಎರಡರ ಬಾಗಿಲನ್ನೂ ತೆರೆದು ಚೀಟಿ ಓದಿದೆ. ಮಾರುವವನು ಕೇಳಿದ: "ಏನಣ್ಣಾ, ಅಲ್ಲೇನ್ ಹುಡುಕ್ತಿದೀಯ?" "ಮಗಳು ಓದು ಅಂದಿದಾಳೆ" ಎಂದೆ. "ವಕೀಲ್ರಾ?" ಎಂದ. "ಬ್ರೆಡ್ ಮಾಡ್ತಾಳೆ" ಎಂದೆ.

ಬಿಳಿಯದರ ಎಂಜಿನ್ನು ಚೆನ್ನಾಗಿತ್ತು. ಆದರೆ ಹಾಲಿಸ್ ಮಲಗಬೇಕು ಎಂದಿದ್ದೆಯಲ್ಲ. ಕಂದು ತೆಗೆದುಕೊಂಡೆ. ಹಿಂದಿನ ಸೀಟಿನಲ್ಲಿ ನಾನೇ ಒಮ್ಮೆ ಮಲಗಿ ನೋಡಿದೆ. ಕಾಲು ಮಡಚಬೇಕು, ಆದರೂ ಪರವಾಗಿಲ್ಲ. ಏಳಲು ಮನಸ್ಸೇ ಆಗಲಿಲ್ಲ.

ಕೊಂಡಿಯನ್ನು ನಾನೇ ತೊಟ್ಟಿಗೆ ಬೋಲ್ಟು ಹಾಕಿ ಕೂರಿಸಿದೆ. ಗಾಡಿ ಈಗ ಲಾಟಿನ ಹೊರಗೆ, ದಕ್ಕೆಯಲ್ಲೇ ಇದೆ. ಒಳಗೆ ತಂದರೆ ಕ್ರಾಡಕ್‌ಗೆ ಗೊತ್ತಾಗುತ್ತದೆ. ಮುಂದಿನ ಭಾನುವಾರ ಎಲ್ಲರೂ ಚರ್ಚಿನಿಂದ ಬರುವ ಹೊತ್ತಿಗೆ, ದಾರಿ ತೋರಲು ಜನ ಇರುವಾಗ, ತಂದು, ಕಟ್ಟಿ, ಹೊರಡುತ್ತೇನೆ. ವಿಚಾರಣೆ ಇಪ್ಪತ್ತಾರಕ್ಕೆ. ಅಷ್ಟರಲ್ಲಿ ಮನಸ್ಸು ಬದಲಾಯಿಸಲು ನನಗೆ ಸಾಕಷ್ಟು ಸಮಯವಿದೆ. ಹಾಗೆ ಬರೆದದ್ದು ತಮಾಷೆಗಲ್ಲ. ದಿನವೂ ಒಮ್ಮೆ ಬದಲಾಯಿಸುತ್ತೇನೆ, ಮತ್ತೊಮ್ಮೆ ಬದಲಾಯಿಸಿ ಮಲಗುತ್ತೇನೆ.

ಅಪ್ಪ


೧೩ ಮೇ ೧೯೯೪
ಡುಲೂತ್

ಅಪ್ಪಾ,

ಗಿಡ್ಡ ತೊಟ್ಟಿಯದು ಬೇಡ! ವಾಪಸು ಕೊಡು, ಬಿಳಿಯದನ್ನೇ ತಾ.

ಸಿಗ್ನೆಗೆ ನಿನ್ನ ಪತ್ರ ಓದಿ ಹೇಳಿದೆ. ಅವಳ ಗಂಡ ಬೇಸಿಗೆಯಲ್ಲಿ ಇಂಥದ್ದೇ ಟ್ರೇಲರನ್ನು ಸರೋವರದ ದಡಕ್ಕೆ ಎಳೆಯುತ್ತಾನೆ. ಅವಳು ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು ಕೇಳಿದಳು: "ಗಿಡ್ಡ ತೊಟ್ಟೀನಾ? ಯಾಕೆ, ನಿಮ್ಮಪ್ಪಂಗೆ ಹಿಂದಿನ್ ಗಾಜು ಬೇಡ್ವಾ?" ಅವಳ ಗಂಡ ಎರಡು ಸಲ ಹಾಕಿಸಿದ್ದಾನಂತೆ. ನೇರ ರಸ್ತೆಯಲ್ಲಿ ಏನೂ ಆಗುವುದಿಲ್ಲ. ಆದರೆ ಬಿಗಿಯಾಗಿ ತಿರುಗಿಸಿದರೆ ಟ್ರೇಲರಿನ ಮೂತಿಯ ಮೂಲೆ ಸುತ್ತಿ ಬಂದು ಕ್ಯಾಬಿನ ಹಿಂದಿನ ಗಾಜಿಗೆ ಹೊಡೆಯುತ್ತದೆ. ಉದ್ದ ತೊಟ್ಟಿಯಾದರೆ ಮಧ್ಯೆ ಜಾಗವಿರುತ್ತದೆ, ಗಿಡ್ಡದರಲ್ಲಿ ಇರುವುದಿಲ್ಲ.

ನಾನು ತೂಕ ನೋಡಿದೆ, ತೂಕ, ತೂಕ, ಬರೀ ತೂಕ. ತಿರುವು ನೋಡಲೇ ಇಲ್ಲ. ಆ ಕಾಗದಗಳ ಚಿತ್ರದಲ್ಲಿ ಯಾವ ಟ್ರಕ್ಕೂ ತಿರುಗುತ್ತಿರಲಿಲ್ಲ.

ಈ ಪತ್ರ ಭಾನುವಾರಕ್ಕೆ ಮುಂಚೆ ತಲುಪುವುದಿಲ್ಲ ಎಂದು ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ನೀನು ಮನಸ್ಸು ಬದಲಾಯಿಸಿ ಅಲ್ಲೇ ಉಳಿದಿದ್ದರೆ ತಲುಪುತ್ತದೆ. ತಲುಪಲಿ ಅನ್ನಲೋ ಬೇಡ ಅನ್ನಲೋ ತಿಳಿಯುತ್ತಿಲ್ಲ.

ಬರ್ಟಿ


೨೩ ಮೇ ೧೯೯೪
ಡುಲೂತ್
(ಹಾಲಿಸ್ ಮತ್ತು ವರ್ನಾ ಅವರ ಮನೆ ವಿಳಾಸಕ್ಕೆ, ಆರ್ಕನ್ಸಾ)

ಅಪ್ಪಾ,

ನೀನು ಅಲ್ಲಿದ್ದೀಯೋ ಇಲ್ಲವೋ ಗೊತ್ತಿಲ್ಲ. ಬೇರೆ ವಿಳಾಸ ನನ್ನ ಹತ್ತಿರವಿಲ್ಲ.

ಇವತ್ತು ನನ್ನ ಪತ್ರ ವಾಪಸು ಬಂತು. ಮೇಲೆ ನೇರಳೆ ಮುದ್ರೆ: 'ಈ ವಿಳಾಸದಲ್ಲಿ ಇಲ್ಲ'. ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಾರೆ, 'ಮನೆ ಸಮೇತ ಹೋದರು'. ಯೂನಿಸ್ ಇರಬಹುದೇ? ಅವಳ ಬಗ್ಗೆ ನಾನು ಮನಸ್ಸಿನಲ್ಲೇ ಒಂದಿಡೀ ಕರಪತ್ರ ಬರೆದಿದ್ದೆ. ಈಗ ತಿದ್ದಬೇಕು.

ಬೇಕರಿಯ ಹಿಂದಿನ ಮೆಟ್ಟಿಲ ಮೇಲೆ ಆ ಲಕೋಟೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಸಿಗ್ನೆ ಬಂದು "ಯಾರ್ ಹೋದ್ರು?" ಎಂದು ಕೇಳಿದಳು. "ಅಪ್ಪ ಹೋದ" ಎಂದೆ. ಅವಳು ಏಪ್ರನ್ ತೆಗೆದು ನನ್ನನ್ನು ತಬ್ಬಿಕೊಂಡಳು. ನಾನು ನಗುತ್ತಿರುವುದು ನೋಡಿ ಬಿಟ್ಟಳು. ಆಮೇಲೆ ಬೈದಳು.

ಒಂದು ಮಾತು. ನನ್ನ ಸುತ್ತ ನನ್ನವರಿದ್ದಾರೆ ಎಂದು ಬರೆದಿದ್ದೆ ನೀನು. ಶನಿವಾರದ ಮೇಜಿನ ಹಿಂದೆ ಇರುವುದು ನಾನೊಬ್ಬಳೇ. ಮೊದಲು ನಾಲ್ಕು ಜನ ಇದ್ದೆವು, ಚಳಿಗೆ ಒಬ್ಬೊಬ್ಬರೇ ಬಿಟ್ಟರು. ಇನ್ನು ಮುಂದೆ ನನಗೆ ಬರೆಯಬೇಕಾದದ್ದನ್ನು ಬರೆ. ಪುರುಸೊತ್ತಿದೆ.

ವಾಪಸು ಬಂದ ಪತ್ರವನ್ನು ಒಡೆಯದೆ ಇದರೊಳಗೆ ಇಟ್ಟಿದ್ದೇನೆ. ತಡವಾಗಿರಬಹುದು.

ಬರ್ಟಿ


೨೯ ಮೇ ೧೯೯೪, ಭಾನುವಾರ
ಹಾಲಿಸ್ ಮನೆ, ಆರ್ಕನ್ಸಾ

ಬರ್ಟಿ,

ತಡವಾಯಿತು.

ಅಂದು ಗಾಡಿ ಒಳಗೆ ತಂದೆ. ಕೊಂಡಿ ಹಾಕಿದೆ, ಜಾಕಿ ಎತ್ತಿದೆ. ಎರಡೂ ಕೆಲಸ ಒಬ್ಬನೇ ಮಾಡಿದ್ದು ಇದೇ ಮೊದಲು. ಅಷ್ಟರಲ್ಲಿ ಕ್ರಾಡಕ್‌ಗೆ ಸುದ್ದಿ ಹೋಗಿತ್ತು. ಅವನು ತನ್ನ ವ್ಯಾನನ್ನು ತಂದು ಗೇಟಿನ ದಾರಿಗೆ ಅರ್ಧ ಅಡ್ಡ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಆಫೀಸಿನೊಳಗೆ ಕೂತ. ಉಳಿದ ಸಂದಿಯಲ್ಲಿ ನಾನು ತಿರುಗಿಸಿಕೊಂಡು ಹೋಗಬೇಕು.

ಲಾಟಿನಲ್ಲಿ ಯಾರ ಮನೆ ಹೊರಟರೂ ಅಕ್ಕಪಕ್ಕದವರು ಹೊರಗೆ ಬರುತ್ತಾರೆ, ಅದು ನಿನಗೆ ಗೊತ್ತಿರುವುದೇ. ಮೂಲೆಗೊಬ್ಬರು ನಿಂತು ಕೈಯೆತ್ತಿ "ಬಾ, ಬಾ, ಇನ್ನೂ ಬಾ, ಸಾಕು" ಅನ್ನುತ್ತಾರೆ. ಜಗಳವಾಡಿ ಮಾತು ಬಿಟ್ಟವರೂ ಬರುತ್ತಾರೆ. ಅಂದು ಯಾರೂ ಬರಲಿಲ್ಲ. ಕ್ರಾಡಕ್‌ನ ವ್ಯಾನು ಅಲ್ಲಿತ್ತಲ್ಲ. ಕಿಟಕಿಗಳ ಪರದೆ ಮಾತ್ರ ಅಲ್ಲಾಡುತ್ತಿದ್ದವು. ಮೂಲೆ ನೋಡಲು ಒಬ್ಬರೂ ಇಲ್ಲ. ನಾನು ಸ್ಟೇರಿಂಗ್ ಪೂರ್ತಿ ತಿರುಗಿಸಿದೆ.

ಹಿಂದಿನ ಗಾಜು ಒಡೆದ ಸದ್ದಿಗೆ ಗುಂಡು ಹಾರಿತು ಅಂದುಕೊಂಡೆ. ಟ್ರೇಲರಿನ ಮೂಲೆ ಕ್ಯಾಬಿನೊಳಗೇ ಬಂದಿತ್ತು. ಗಾಜು ಸುರಿದದ್ದು ನೀನು ಹಾಲಿಸ್‌ಗೆಂದು ಹೇಳಿದ ಸೀಟಿನ ಮೇಲೆ. ಎಂಜಿನ್ನು ನಿಲ್ಲಿಸಿ ಅಲ್ಲೇ ಕೂತೆ. ಮನಸ್ಸು ಬದಲಾಯಿಸುವುದಾಗಿದ್ದರೆ ಆಗಲೇ ಬದಲಾಯಿಸಬೇಕಿತ್ತು.

ಆಗ ಮಿಸೆಸ್ ತಿಬೊಡೊಳ ಬಾಗಿಲು ಧಡಾರನೆ ತೆರೆಯಿತು. "ಏ ಪುಣ್ಯಾತ್ಮಾ, ಮುಂದಕ್ ಬಿಟ್ಟೀಯ ಮತ್ತೆ! ಅಲ್ಲಾಡ್ಬೇಡ!" ಎಂದು ಕೂಗುತ್ತಾ ಪೊರಕೆ ಹಿಡಿದುಕೊಂಡು ಬಂದಳು. ಪೊರಕೆ ನೋಡಿ ನನಗೇ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಹಿಂದಿನ ಬಾಗಿಲು ತೆರೆದು ಸೀಟಿನ ಗಾಜು ಗುಡಿಸತೊಡಗಿದಳು. ಅವಳ ಹಿಂದೆ ಇನ್ನೊಂದು ಬಾಗಿಲು, ಮತ್ತೊಂದು ಬಾಗಿಲು. ಯಾರೋ ಪ್ಲಾಸ್ಟಿಕ್ ಹಾಳೆ ತಂದರು, ಯಾರೋ ಟೇಪು. ಇಬ್ಬರು ಹೋಗಿ ಕ್ರಾಡಕ್‌ನ ವ್ಯಾನನ್ನು ಬ್ರೇಕು ಬಿಡಿಸಿ ಕೈಯಲ್ಲೇ ತಳ್ಳಿದರು. ಅವನು ಆಫೀಸಿನ ಕಿಟಕಿಯಿಂದ ನೋಡುತ್ತಿದ್ದ, ಹೊರಗೆ ಬರಲಿಲ್ಲ. ಆಮೇಲೆ ಎಲ್ಲರೂ ಮೂಲೆಗೊಬ್ಬರು ನಿಂತರು. ಎಲ್ಲರೂ ಒಟ್ಟಿಗೇ ಕೂಗುತ್ತಿದ್ದರು. ಒಂದು ಮಾತೂ ತಿಳಿಯಲಿಲ್ಲ. ಹೊರಗೆ ಬಂದೆ.

ಟ್ರೇಲರನ್ನು ಇಲ್ಲಿ ಹಾಲಿಸ್‌ನ ಅಂಗಳದಲ್ಲಿ ನಿಲ್ಲಿಸಿದ್ದೇನೆ. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ವಿಚಾರಣೆಗೆ ಹೋಗಿ ಬಂದೆವು. ಕಂಡದ್ದನ್ನು, ಕೇಳಿದ್ದನ್ನು ಹೇಳಿದೆ. ಕಂಪನಿ ವಕೀಲ ಹೆಲ್ಮೆಟ್ಟಿನ ಮಾತು ತೆಗೆದ. "ಕಾಫಿ ಕುಡೀತಿದ್ದೆ ಸರ್. ಹೆಲ್ಮೆಟ್ ಹಾಕ್ಕೊಂಡು ಕಾಫಿ ಕುಡಿಯೋಕ್ ನಂಗ್ ಬರಲ್ಲ" ಎಂದೆ. ಕ್ರಾಡಕ್ ಮೂರನೇ ಸಾಲಿನಲ್ಲಿ ಕೂತು ತನ್ನ ಟೋಪಿಯನ್ನೇ ನೋಡುತ್ತಿದ್ದ. ತೀರ್ಪು ಬರಲು ಇನ್ನೂ ದಿನ ಹಿಡಿಯುತ್ತದಂತೆ. ಏನು ಬರುತ್ತದೋ. ನನ್ನ ಮಾತು ಮುಗಿಯಿತು. ಆ ರಾತ್ರಿ ಬೂಟು ಬಿಚ್ಚದೆ ಮಲಗಿದವನು ಮರುದಿನ ಮಧ್ಯಾಹ್ನ ಎದ್ದೆ.

ನಿನ್ನೆ ನಿನ್ನ ಲಕೋಟೆ ಬಂತು, ಲಕೋಟೆಯೊಳಗೆ ಲಕೋಟೆ. ಹಾಲಿಸ್ "ಜೋರಾಗ್ ಓದೋ" ಎಂದ. ಅಂಗಳದಲ್ಲಿ ಕೂತಿದ್ದೆವು, ಎದುರಿಗೇ ಗಾಡಿ, ಹಿಂದೆ ಬರಿಯ ತೂತು. ಓದಿದೆ. 'ಗಿಡ್ಡ ತೊಟ್ಟಿಯದು ಬೇಡ!' ಅನ್ನುವಲ್ಲಿಗೇ ಅವನು ನಗಲು ಶುರು ಮಾಡಿದ. 'ನಿಮ್ಮಪ್ಪಂಗೆ ಹಿಂದಿನ್ ಗಾಜು ಬೇಡ್ವಾ' ಅನ್ನುವಷ್ಟರಲ್ಲಿ ಕೆಮ್ಮು ಹತ್ತಿ ವರ್ನಾ ಓಡಿ ಬಂದು ಬೆನ್ನು ನೀವಿದಳು. ಉಸಿರು ಬಂದ ಮೇಲೆ ಹೇಳಿದ: "ಗಿಡ್ಡ ತೊಟ್ಟಿ ತಗೊಂಡ್ಯಲ್ಲೋ ಮಂಕೇ. ಇಷ್ಟು ವರ್ಷ ನನ್ ಪಕ್ಕ ಕೂತು ಏನ್ ನೋಡ್ತಿದ್ದೆ?" "ಜಾಕಿ" ಎಂದೆ. ಮತ್ತೆ ನಕ್ಕ. ಫೆಬ್ರವರಿಯಿಂದ ಅವರು ನಕ್ಕಿದ್ದೇ ಇಲ್ಲ ಎಂದು ವರ್ನಾ ಆಮೇಲೆ ಅಡುಗೆಮನೆಯಲ್ಲಿ ನನಗೆ ಹೇಳಿದಳು.

ನಿನ್ನ ಬಂಕಿನ ಮೇಲಿದ್ದ ಹೆಲ್ಮೆಟ್ಟನ್ನು ತೆಗೆದು ಕೆಳಗಿಟ್ಟಿದ್ದೇನೆ. ನಿನ್ನ ಶನಿವಾರದ ಮೇಜು ಇಲ್ಲೂ ಹಾಕಬಹುದು.

ಹೊಸ ಗಾಜು ಹಾಕಿಸಲು ಹೊರಟೆ. ಹಾಲಿಸ್ ಬಿಡಲಿಲ್ಲ. ವಿಚಾರಣೆಗೆ ಹೋಗುವಾಗಲೂ ಹಾಗೇ ಮಾಡಿದ. ಹೊರಟಾಗಿನಿಂದ ಪ್ಲಾಸ್ಟಿಕ್ಕು ಪಟಪಟ ಬಡಿಯುತ್ತಿತ್ತು. ಹಿಂದಿನಿಂದ ಅವನ ಸಣ್ಣ ದನಿ ಬಂತು: "ಆರಿನ್, ಅದನ್ನ ಕಿತ್ತಾಕೋ."

"ಧೂಳ್ ಬರತ್ತೆ ಕಣೋ."

"ಬರ್ಲಿ. ಗಾಳೀನೂ ಬರತ್ತಲ್ಲ."

ಗಾಡಿ ನಿಲ್ಲಿಸಿ ಕಿತ್ತು ಹಾಕಿದೆ. ಅವನು ಬಾಯಿ ತೆರೆದುಕೊಂಡು, ಕಣ್ಣು ಮುಚ್ಚಿಕೊಂಡು, ಅಷ್ಟು ದೂರವೂ ಹಾಗೇ ಮಲಗಿದ್ದ. ಗಾಜಿನ ಮಾತು ಚಳಿಗಾಲಕ್ಕೆ ನೋಡೋಣ.

ಅಪ್ಪ